ತಮ್ಮನ ಹೆಸರಿನಲ್ಲಿ 21 ಕಿಲೋಮೀಟರ್ ಓಟ, ಊರಿಗೆ 60 ಜೊತೆ ಗಂಬೂಟು

"ಐವತ್ತೇಳು ವರ್ಷಕ್ಕೆ ನಿಮಗೆ ಎಂತ ಮರ್ಲು ಮಾರಾಯ್ರೆ?" ಹಾಲಿನ ಸೊಸೈಟಿಯಲ್ಲಿ ನನಗೆ ಸಿಕ್ಕ ಮೊದಲ ಮಾತು ಇದು. ನಾನು ಓಡಲು ಹೊರಟಿದ್ದೇನೆ ಎಂಬ ಸುದ್ದಿ ಅಷ್ಟರಲ್ಲಿ ಊರಿಡೀ ಹಬ್ಬಿತ್ತು. ಎರಡು ಎಕರೆ ಅಡಿಕೆ ತೋಟ, ಮೂರು ದನ ಇರುವವನಿಗೆ ಮಂಗಳೂರಿಗೆ ಹೋಗಿ ಓಡುವ ಅಗತ್ಯ ಏನು? ಪ್ರಶ್ನೆ ಸರಿಯೇ. ಉತ್ತರ ಹೇಳಲು ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

ಆ ಸಂಜೆ

2011ರ ಆಗಸ್ಟ್. ಸಂಜೆ ಆರೂವರೆ, ಆಗಷ್ಟೆ ಮಳೆ ಬಿಟ್ಟಿತ್ತು. ದನಕ್ಕೆ ಹುಲ್ಲು ತರಲು ನನ್ನ ತಮ್ಮ ತೋಟಕ್ಕೆ ಇಳಿದ. ಬರಿಗಾಲು, ಕೈಯಲ್ಲಿ ಟಾರ್ಚ್ ಇಲ್ಲ. ಬಿದ್ದ ಸೋಗೆಯ ಅಡಿಯಲ್ಲಿದ್ದ ಕನ್ನಡಿ ಹಾವು (ಕೊಳಕು ಮಂಡಲ ಎಂದೂ ಹೇಳುತ್ತಾರೆ) ಪಾದಕ್ಕೆ ಕಚ್ಚಿತು.

ನಾವು ಮಾಡಿದ್ದೇನು? ಬೈರಾಸಿನಿಂದ ಕಾಲನ್ನು ಬಿಗಿಯಾಗಿ ಕಟ್ಟಿದೆವು. ಬ್ಲೇಡಿನಿಂದ ಗೀರಿದೆವು. ತಾಲೂಕು ಆಸ್ಪತ್ರೆ 19 ಕಿ.ಮೀ. ದೂರ. ವಿಷದ ಮದ್ದು ಕೊಡುವವರ ಮನೆ ಆರೇ ಕಿ.ಮೀ., ಆದರೆ ಎದುರು ದಿಕ್ಕಿಗೆ. "ಮೊದಲು ಅಲ್ಲಿಗೆ ಹೋಗುವ" ಎಂದವ ನಾನು. ಸೊಪ್ಪಿನ ರಸ ಕುಡಿಸಿದರು. ಒಂಬತ್ತು ಗಂಟೆಗೆ ಒಸಡಿನಲ್ಲಿ ರಕ್ತ ಕಂಡಿತು. ಆಸ್ಪತ್ರೆ ಮುಟ್ಟುವಾಗ ಹತ್ತೂವರೆ. ಅಲ್ಲಿಂದ ಮಂಗಳೂರಿಗೆ. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ಮೂರನೇ ದಿನ ತಮ್ಮ ಹೋದ. ಅವನ ಮಗನಿಗೆ ಆಗ ಹನ್ನೆರಡು ವರ್ಷ.

ಓಟದ ಯೋಚನೆ

ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಓಡುವ ಅಭ್ಯಾಸ ಹಿಡಿಸಿಕೊಂಡಿದ್ದಾನೆ. 2023ರ ಬೇಸಿಗೆಯಲ್ಲಿ ಬಂದವನು "ದೊಡ್ಡಪ್ಪ, ಅಪ್ಪನ ಹೆಸರಲ್ಲಿ ನಾವಿಬ್ಬರೂ ಓಡುವ. ಬಂದ ದುಡ್ಡಲ್ಲಿ ಊರಿಗೆ ಏನಾದರೂ ಮಾಡುವ" ಎಂದ.

ಓಡಿದರೆ ದುಡ್ಡು ಯಾರು ಕೊಡುತ್ತಾರೆ? ಅವನು ಕೆನಡಾದ ಟೆರಿ ಫಾಕ್ಸನ ಕತೆ ಹೇಳಿದ. ಕ್ಯಾನ್ಸರಿನಿಂದ 1977ರಲ್ಲಿ ಒಂದು ಕಾಲು ಕಳಕೊಂಡ ಹುಡುಗ. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 143 ದಿನ ಓಡಿದ, 5,373 ಕಿ.ಮೀ. ರೋಗ ಮರುಕಳಿಸಿ ಮರುವರ್ಷ ತೀರಿಕೊಂಡ. ಅವನ ನೆನಪಿನಲ್ಲಿ ಜನ ಇಂದಿಗೂ ವರ್ಷ ವರ್ಷ ಓಡಿ ಹಣ ಸಂಗ್ರಹಿಸುತ್ತಾರೆ.

"ಅವ ಹುಡುಗ, ನಾನು ಮುದುಕ" ಎಂದೆ. ಅದಕ್ಕೂ ಉತ್ತರ ಇತ್ತು. ಆಸ್ಟ್ರೇಲಿಯಾದ ಕ್ಲಿಫ್ ಯಂಗ್ ಬಟಾಟೆ ಬೆಳೆಗಾರ. ಗಂಬೂಟು ಹಾಕಿ ಕುರಿಗಳ ಹಿಂದೆ ಓಡಿದ್ದೇ ಅವರ ಅಭ್ಯಾಸ. 1983ರಲ್ಲಿ, 61ನೇ ವಯಸ್ಸಿನಲ್ಲಿ, ಸಿಡ್ನಿಯಿಂದ ಮೆಲ್ಬೋರ್ನಿಗೆ 875 ಕಿ.ಮೀ. ಓಟವನ್ನು ಐದು ದಿನ ಹದಿನೈದು ಗಂಟೆಯಲ್ಲಿ ಗೆದ್ದರು. ಬಹುಮಾನದ ಹಣವನ್ನು ಉಳಿದ ಓಟಗಾರರಿಗೆ ಹಂಚಿದರು. ಕೃಷಿಕ ಎಂದ ಮೇಲೆ ನನ್ನ ಬಾಯಿ ಮುಚ್ಚಿತು.

ಪೂರ್ತಿ ಮ್ಯಾರಥಾನ್ 42.195 ಕಿ.ಮೀ. ನಾವು ಆರಿಸಿದ್ದು ಅದರ ಅರ್ಧ. ನಮ್ಮ ಮನೆಯಿಂದ ಆಸ್ಪತ್ರೆಗಿರುವ ದಾರಿಗಿಂತ ಎರಡು ಕಿ.ಮೀ. ಹೆಚ್ಚು, ಅಷ್ಟೆ.

ಅಭ್ಯಾಸ, ಲೆಕ್ಕ

ಐದು ತಿಂಗಳು ಅಭ್ಯಾಸ ಮಾಡಿದೆ. ಹಾಲು ಕರೆದು ಸೊಸೈಟಿಗೆ ಕೊಟ್ಟ ಮೇಲೆ ನಡಿಗೆ, ಆಮೇಲೆ ನಾಲ್ಕು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರಕ್ಕೊಮ್ಮೆ ದೂರ ಒಂದು ಕಿ.ಮೀ. ಏರಿಸುವುದು. ತೋಟದ ಏರು ತಗ್ಗಿನಲ್ಲಿ ಪಳಗಿದ ಕಾಲು ಬೇಗ ಒಗ್ಗಿತು. ತೊಂದರೆ ಕೊಟ್ಟದ್ದು ಶೂ. ಬರಿಗಾಲಲ್ಲಿ ಅಗಲವಾದ ಪಾದಕ್ಕೆ ಎರಡು ಸಲ ಬೊಕ್ಕೆ ಬಂತು. ಕೊನೆಗೆ ಒಂದು ಅಳತೆ ದೊಡ್ಡದು ತಂದ ಮೇಲೆ ಸರಿಯಾಯಿತು. ಹೊರಡುವ ಮೊದಲು ಹೃದಯ, ರಕ್ತದೊತ್ತಡ ಎರಡನ್ನೂ ಡಾಕ್ಟರಿಗೆ ತೋರಿಸಿದ್ದೆ. ನನ್ನ ಪ್ರಾಯದವರು ಇದನ್ನು ಬಿಡಬಾರದು.

ದೊಡ್ಡ ಓಟಗಳಲ್ಲಿ ಸೇವಾ ಸಂಸ್ಥೆಗಳ ಮೂಲಕ ಹಣ ಕೂಡಿಸುವ ವ್ಯವಸ್ಥೆ ಉಂಟು. ನಾವು ನೋಟ್ ಪುಸ್ತಕ ಹಿಡಿದು ಮನೆಮನೆಗೆ ಹೋದೆವು. ಕಿಲೋಮೀಟರಿಗೆ ಐದು ರೂಪಾಯಿ ಬರೆಸಿದವರಿದ್ದರು, ಐವತ್ತು ಬರೆಸಿದವರೂ ಇದ್ದರು. "ಅರ್ಧದಲ್ಲಿ ನಿಂತರೆ ಅರ್ಧವೇ ಕೊಡುವುದು" ಎಂದು ತಮಾಷೆ ಮಾಡಿದರು. ಮಳೆ ಕಳೆದು, 2023 ಮುಗಿಯುವ ಮೊದಲು ಮಂಗಳೂರಿನಲ್ಲಿ ಓಡಿದೆವು. ಹುಡುಗನಿಗೆ ಎರಡು ಗಂಟೆಯ ದಾರಿ. ನನ್ನ ಜತೆ ಬಿಡದೆ ಬಂದ.

ಹದಿನಾರನೇ ಕಿಲೋಮೀಟರಿನಲ್ಲಿ ನನ್ನ ಮೀನಖಂಡ ಹಿಡಿದುಕೊಂಡಿತು. ನಡೆಯುತ್ತಾ ಹನ್ನೆರಡು ವರ್ಷ ಹೇಳದ್ದನ್ನು ಹೇಳಿದೆ. "ಆ ದಿನ ಆಸ್ಪತ್ರೆಗೆ ಬೇಡ, ಮದ್ದಿಗೆ ಹೋಗುವ ಎಂದವ ನಾನು ಮಗಾ."

"ನನಗೆ ಗೊತ್ತುಂಟು ದೊಡ್ಡಪ್ಪ. ಅಮ್ಮ ಯಾವಾಗಲೋ ಹೇಳಿದ್ದಾರೆ" ಎಂದ. ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. "ನೀರು ಕುಡೀರಿ, ಇನ್ನು ಐದೇ ಉಂಟು" ಎಂದ.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮುಗಿಸಿದೆವು. ನೆರೆಮನೆಯವರು ಪೂರ್ತಿ ದುಡ್ಡು ಕೊಡಬೇಕಾಯಿತು!

ಒಟ್ಟು ಆದದ್ದು 38,400 ರೂಪಾಯಿ. 60 ಜೊತೆ ಗಂಬೂಟಿಗೆ 21,000, 40 ಟಾರ್ಚಿಗೆ 10,000. ಉಳಿದ 7,400 ತುರ್ತಿನ ಜೀಪು ಬಾಡಿಗೆಗೆಂದು ಸೊಸೈಟಿಯಲ್ಲಿ ಇಟ್ಟೆವು. ರಾತ್ರಿ ಕರೆದರೂ ಬರುವ ಮೂವರು ಜೀಪಿನವರ ನಂಬರನ್ನು ಸೊಸೈಟಿಯ ಗೋಡೆಗೆ ಬರೆಸಿದೆವು.

ಹಾವು ಕಚ್ಚಿದರೆ

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ನಾವು ತೋಟದಲ್ಲೇ ಇರುವ ಕಾಲದಲ್ಲಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕು.

ನಾವು ಅಂದು ಮಾಡಿದ ತಪ್ಪು ನೀವು ಮಾಡಬೇಡಿ:

• ಬಿಗಿಯಾಗಿ ಕಟ್ಟಬೇಡಿ, ಗೀರಬೇಡಿ, ಚೀಪಬೇಡಿ. ಕನ್ನಡಿ ಹಾವಿನ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ. ಗೀರಿದರೆ ನಿಲ್ಲದೆ ಸುರಿಯುತ್ತದೆ.

• ಉಂಗುರ, ಬಳೆ, ಕಾಲುಂಗುರ ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ತೆಗೆಯಲಾಗದು.

• ಕಚ್ಚಿದ ಕೈಕಾಲು ಅಲುಗದಂತೆ ಹಾಳೆಯನ್ನೋ ಕೋಲನ್ನೋ ಇಟ್ಟು ಸಡಿಲವಾಗಿ ಕಟ್ಟಿ. ನಡೆಸಬೇಡಿ, ಹೊತ್ತು ತನ್ನಿ.

• ಹಾವನ್ನು ಹುಡುಕುತ್ತಾ, ಕೊಲ್ಲುತ್ತಾ ಹೊತ್ತು ಕಳೆಯಬೇಡಿ. ನಾಗರ, ಕಟ್ಟು ಹಾವು, ಕನ್ನಡಿ ಹಾವು, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ.

• ಕಟ್ಟು ಹಾವು ಕಚ್ಚಿದರೆ ನೋವು, ಬಾವು ಕಾಣದೇ ಇರಬಹುದು. ನೋವಿಲ್ಲ ಎಂದು ಮಲಗಿಸಬೇಡಿ.

• ಪ್ರತಿವಿಷ ಯಾವ ಆಸ್ಪತ್ರೆಯಲ್ಲುಂಟು, ರಾತ್ರಿ ಡಾಕ್ಟರು ಇರುತ್ತಾರೆಯೇ ಎಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿಡಿ. 108 ನೆನಪಿರಲಿ.

ಫಲ ಸಿಕ್ಕಿತೇ?

ಎಲ್ಲರೂ ಬೂಟು ಹಾಕುತ್ತಾರೆಂದು ಬರೆದರೆ ಸುಳ್ಳಾದೀತು. ಸೆಕೆಯಾಗುತ್ತದೆ, ಪಾಚಿಯಲ್ಲಿ ಜಾರುತ್ತದೆ ಎನ್ನುವವರಿದ್ದಾರೆ. ಒಂದು ಮನೆಯಲ್ಲಿ ಬೂಟಿನಲ್ಲಿ ಗಿಡ ನೆಟ್ಟದ್ದನ್ನೂ ನೋಡಿದೆ. ನನ್ನ ಲೆಕ್ಕದಲ್ಲಿ 60ರಲ್ಲಿ ನಲವತ್ತು ಜೊತೆ ಬಳಕೆಯಲ್ಲುಂಟು.

2024ರ ಮಳೆಗಾಲದಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಿದ್ದ ಹೆಂಗಸೊಬ್ಬರ ಕೈಗೆ ಹಾವು ಕಚ್ಚಿತು. ಕಾಲಲ್ಲಿ ನಾವು ಕೊಟ್ಟ ಬೂಟೇ ಇತ್ತು. ಆದರೆ ಬೂಟು ಕೈಯನ್ನು ಕಾಯುವುದಿಲ್ಲವಲ್ಲ. ಮನೆಯವರು ಕಟ್ಟಲಿಲ್ಲ, ಗೀರಲಿಲ್ಲ. ಗೋಡೆಯ ನಂಬರಿಗೆ ಫೋನ್ ಮಾಡಿದರು. ನಲವತ್ತೇ ನಿಮಿಷದಲ್ಲಿ ಆಸ್ಪತ್ರೆ. ಗಾಜಿನ ಕೊಳವೆಗೆ ರಕ್ತ ಹಾಕಿ ಇಪ್ಪತ್ತು ನಿಮಿಷ ನೋಡಿದರು. ಹೆಪ್ಪುಗಟ್ಟಲಿಲ್ಲ. ಕೂಡಲೇ ಪ್ರತಿವಿಷ ಕೊಟ್ಟರು. ಆರನೇ ದಿನ ಮನೆಗೆ ಬಂದರು.

ಅದೇ ರಸ್ತೆ, ಅದೇ 19 ಕಿಲೋಮೀಟರ್. ನಮಗೆ ಅಂದು ನಾಲ್ಕು ಗಂಟೆ ಹಿಡಿದಿತ್ತು.

ಜೀಪಿನ ಬಾಡಿಗೆ 900 ರೂಪಾಯಿ ನಿಧಿಯಿಂದಲೇ ಹೋಯಿತು. ಅದನ್ನು ತುಂಬಿಸಲು ಇನ್ನೊಮ್ಮೆ ಓಡಬೇಕು ಎಂದು ಹುಡುಗ ಹೇಳುತ್ತಿದ್ದಾನೆ. ಶೂ ಇನ್ನೂ ಗಟ್ಟಿಯಾಗಿಯೇ ಉಂಟು.