ಕಾಲುರಿಯೂ ಸಿಹಿಮೂತ್ರ ರೋಗವೂ

ತುಮಕೂರು ತಾಲ್ಲೂಕಿನ ಕೋರ ಹೋಬಳಿಯೇ ಮೊದಲಾದ ಸೀಮೆಗಳಲ್ಲಿ ವಯಸ್ಸಾದ ಬೇಸಾಯಗಾರರು ರಾತ್ರಿಯ ವೇಳೆ ಅಂಗಾಲು ಉರಿಯುವುದೆಂದೂ, ಇರುವೆ ಹರಿದಂತಾಗುವುದೆಂದೂ, ಕಂಬಳಿಯ ಅಂಚು ಸೋಕಿದರೂ ತಾಳಲಾಗದೆಂದೂ ಹೇಳುವುದುಂಟು. ಇದನ್ನು ವಾಯುವೆಂದೋ ಉಷ್ಣವೆಂದೋ ಎಣಿಸಿ, ಹರಳೆಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುವವರೇ ಹೆಚ್ಚು. ಆದರೆ ಇಂತಹವರಲ್ಲಿ ಹಲವರ ಕಾಲುರಿಗೆ ಮೂಲವು ಸಿಹಿಮೂತ್ರ ರೋಗ, ಅಂದರೆ ಈಗ ಜನರು ಸಕ್ಕರೆ ಕಾಯಿಲೆಯೆಂದು ಕರೆಯುವ ಮಧುಮೇಹವಾಗಿರುತ್ತದೆ.

ಇದು ಪಟ್ಟಣದ ಸಾಹುಕಾರರ ರೋಗವೆಂಬ ಭಾವನೆಯನ್ನು ಬಿಡತಕ್ಕದ್ದು. ಭಾರತ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕ ಮಂದಿಗೆ ಈ ರೋಗವಿದೆ. ಇಂತಹ ರೋಗಗಳ ತಡೆಗಾಗಿ 2010ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕಾರ್ಯಕ್ರಮದ ಮೊದಲ ಹಂತಕ್ಕೆ ಆರಿಸಲ್ಪಟ್ಟ ಜಿಲ್ಲೆಗಳಲ್ಲಿ ತುಮಕೂರೂ ಒಂದಾಗಿದ್ದಿತು.

ಬಹುಕಾಲ ರಕ್ತದಲ್ಲಿ ಸಕ್ಕರೆಯು ಮಿತಿಮೀರಿದರೆ ನರದ ಎಳೆಗಳೂ, ಅವುಗಳನ್ನು ಪೋಷಿಸುವ ಸೂಕ್ಷ್ಮ ರಕ್ತನಾಳಗಳೂ ಕೆಡುತ್ತವೆ. ಕೆರೆಯ ತೂಬಿಗೆ ದೂರವಾದ ಕೊನೆಯ ಗದ್ದೆಗೆ ಮೊದಲು ನೀರು ತಪ್ಪುವಂತೆ, ದೇಹದಲ್ಲಿ ಅತಿ ಉದ್ದವಾದ ನರಗಳ ತುದಿಯಾದ ಕಾಲ್ಬೆರಳುಗಳಲ್ಲಿಯೇ ಕೇಡು ಮೊದಲು ತೋರುವುದು. ಎರಡು ಕಾಲುಗಳಲ್ಲಿಯೂ ಒಂದೇ ಸಮನಾಗಿ ಆರಂಭವಾಗಿ, ಕ್ರಮೇಣ ಕಾಲುಚೀಲ ತೊಟ್ಟಂತೆ ಮೇಲಕ್ಕೇರುವುದು ಇದರ ಗುರುತು.

ಈ ನೋವಿನ ಕಷ್ಟವನ್ನು ಮನೆಯವರು ಅರಿಯುವುದು ಅಪರೂಪ. ಗಾಯವಿಲ್ಲ, ಊತವಿಲ್ಲ, ಜ್ವರವಿಲ್ಲ; ಹಗಲಲ್ಲಿ ತೋಟಕ್ಕೆ ಹೋಗಿಬಂದ ಯಜಮಾನನು ರಾತ್ರಿ ನಿದ್ರೆಯಿಲ್ಲದೆ ಜಗಲಿಯ ಮೇಲೆ ಕುಳಿತರೆ, ಚಿಂತೆಗೋ ಹಠಕ್ಕೋ ಹೀಗೆ ಮಾಡುವನೆಂದು ಭಾವಿಸುತ್ತಾರೆ. ನಿದ್ರೆಗೆಟ್ಟವನಿಗೆ ಸಿಟ್ಟೂ ಬೇಸರವೂ ಬರುವುದು ಸಹಜ. ಕಣ್ಣಿಗೆ ಕಾಣದಿದ್ದರೂ ನೋವು ದಿಟವಾದುದೆಂದು ಮನೆಯವರು ನಂಬುವುದೇ ಅವನಿಗೆ ದೊರೆಯುವ ಮೊದಲ ಉಪಶಮನ.

ಆದರೆ ನೋವಿಗಿಂತ ಹೆಚ್ಚು ಭಯಪಡತಕ್ಕದ್ದು ನೋವು ತಾನಾಗಿ ನಿಂತುಹೋದಾಗ. ಎಣ್ಣೆ ಹಿಡಿಯಿತು, ದೇವರು ಕಣ್ಣು ತೆರೆದನು ಎಂದು ಹರ್ಷಿಸುವವರುಂಟು. ಅನೇಕ ವೇಳೆ ಅದು ಗುಣವಲ್ಲ. ನರವು ಪೂರ್ತಿಯಾಗಿ ಜಡವಾದುದರ ಲಕ್ಷಣ. ಮೊದಲಿನಿಂದಲೂ ನೋವೇ ಇಲ್ಲದೆ ಕಾಲು ಜೋಮುಗಟ್ಟುವವರೂ ಬಹುಮಂದಿ ಇದ್ದಾರೆ. ಅಂತಹವನ ಕಾಲಿಗೆ ಜಾಲಿಮುಳ್ಳು ನಾಟಿದರೆ ಅದು ದಿನಗಟ್ಟಲೆ ಒಳಗೇ ಇದ್ದು, ಕೀವಾಗಿ ವಾಸನೆ ಬಂದ ಮೇಲೆ ತಿಳಿಯುವುದು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಗಳ ಪಾದಗಳು ಸವೆದುಹೋಗುವುದಕ್ಕೆ ಮುಖ್ಯ ಕಾರಣ ನೋವಿನ ಅರಿವಿಲ್ಲದಿರುವಿಕೆಯೇ ಎಂಬುದನ್ನು ತೋರಿಸಿದರು. ಆ ರೋಗಿಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ರಬ್ಬರಿನ ಚಪ್ಪಲಿಯೇ ಈಗ ಮಧುಮೇಹಿಗಳಿಗೂ ಒದಗುತ್ತಿದೆ.

ಬರಿಗಾಲಿನಲ್ಲಿ ಗದ್ದೆ ತೋಟಗಳಿಗೆ ಇಳಿಯುವುದನ್ನು ಇಂತಹವರು ಸಂಪೂರ್ಣವಾಗಿ ಬಿಡಬೇಕು. ನೆಗ್ಗಿಲುಮುಳ್ಳು ತೆಳುವಾದ ಅಟ್ಟೆಯನ್ನು ತೂರಿ ಬರುವುದರಿಂದ ಚಪ್ಪಲಿಯನ್ನು ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ನೋಡತಕ್ಕದ್ದು. ಜಾತ್ರೆಯ ಕಾಲದಲ್ಲಿ ನಡುಹಗಲಿನ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ ಮಾಡಿ ಅಂಗಾಲು ಬೊಬ್ಬೆಯೆದ್ದರೂ ಅರಿಯದವರಿದ್ದಾರೆ. ಹರಕೆಯನ್ನು ಬೆಳಗಿನ ತಂಪಿನಲ್ಲಿ ದಪ್ಪನೆಯ ಕಾಲುಚೀಲ ತೊಟ್ಟು ತೀರಿಸಿದರೆ ದೇವರೇನೂ ಮುನಿಯಲಾರನು. ಚಳಿಗಾಲದಲ್ಲಿ ಕೆಂಡದ ಮುಂದೆ ಕಾಲು ಚಾಚುವುದು, ಹಂಡೆಯ ಬಿಸಿನೀರಿನಲ್ಲಿ ಕಾಲು ಅದ್ದುವುದು, ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಇವು ಕೂಡದು. ರಾತ್ರಿ ಮಲಗುವ ಮುನ್ನ ಅಂಗಾಲು ಮತ್ತು ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ಕನ್ನಡಿ ಹಿಡಿದು ತಾನೇ ನೋಡಿಕೊಳ್ಳಬೇಕು, ಇಲ್ಲವೆ ಮಕ್ಕಳಿಂದ ನೋಡಿಸಬೇಕು.

ಕಾಲಿನ ಅರಿವನ್ನು ಪರೀಕ್ಷಿಸುವುದು ಸುಲಭ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ವೈದ್ಯರು ಅಂಗಾಲಿಗೆ ಮುಟ್ಟಿಸುತ್ತಾರೆ. ಮುಟ್ಟಿದ್ದು ತಿಳಿಯದಿದ್ದರೆ ಅಪಾಯವುಂಟು. ಮಧುಮೇಹಿಯಾದವನು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳತಕ್ಕದ್ದು.

ಕೆಟ್ಟ ನರವನ್ನು ಮೊದಲಿನಂತೆ ಮಾಡುವ ಔಷಧವು ಇನ್ನೂ ಇಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕೇಡು ಮುಂದುವರಿಯುವುದು ನಿಧಾನವಾಗುವುದು. ಉರಿಗಾಗಿ ಕೊಡುವ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್ ಎಂಬ ಮಾತ್ರೆಗಳಿಂದ ನೋವು ಅರ್ಧದಷ್ಟು ಇಳಿದರೂ ಫಲಿಸಿತೆಂದೇ ತಿಳಿಯಬೇಕು. ಇವು ಒಂದೆರಡು ದಿನಗಳಲ್ಲಿ ಗುಣ ತೋರುವುದಿಲ್ಲ; ಮಂಪರನ್ನೂ ತಲೆಸುತ್ತನ್ನೂ ತರಬಹುದಾದ್ದರಿಂದ ಆರಂಭದ ದಿನಗಳಲ್ಲಿ ಅಡಿಕೆ ತೆಂಗಿನ ಮರ ಹತ್ತುವುದು, ಟ್ರ್ಯಾಕ್ಟರ್ ನಡೆಸುವುದು ಸಲ್ಲದು. ಮೆಣಸಿನಕಾಯಿಯ ಖಾರದ ಸತ್ತ್ವದಿಂದ ಮಾಡಿದ ಮುಲಾಮೂ ಉಂಟು. ಹೀಗೆಂದು ಮನೆಯ ಖಾರದ ಪುಡಿಯನ್ನು ಕಲಸಿ ಹಚ್ಚಿದರೆ ಚರ್ಮ ಸುಟ್ಟೀತು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ನುಂಗಿದವರಲ್ಲಿಯೂ ಶಾಕಾಹಾರಿಗಳಲ್ಲಿಯೂ ಬಿ12 ಜೀವಸತ್ತ್ವವು ಕಡಮೆಯಾಗಿ ಇದೇ ಬಗೆಯ ಜೋಮು ತೋರುವುದರಿಂದ, ಅದನ್ನೂ ಪರೀಕ್ಷಿಸಿ ನೋಡುವುದು ಲೇಸು. ಆ ಕೊರತೆಯಾದರೆ ತುಂಬಿಕೊಡಬಹುದು. ಬೀಡಿಯೂ ಹೆಂಡವೂ ಈ ಕಾಲುಗಳಿಗೆ ಶತ್ರುಗಳು.

ರಾಗಿಯು ಸಕ್ಕರೆ ಕಾಯಿಲೆಗೆ ಔಷಧವೆಂಬ ನಂಬಿಕೆಯಿಂದ ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಣ್ಣುವವರುಂಟು. ರಾಗಿಯಲ್ಲಿ ನಾರೂ ಸುಣ್ಣವೂ ಇರುವುದು ನಿಜ. ಆದರೆ ಅದರ ಹಿಟ್ಟಿನ ಅಂಶವೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುವುದು. ಒಂದು ಸಣ್ಣ ಮುದ್ದೆಯೊಡನೆ ಸೊಪ್ಪು ಕಾಳುಗಳ ಸಾರನ್ನು ಹೆಚ್ಚಾಗಿ ಉಣ್ಣುವುದು ಉತ್ತಮ.

ಗ್ರಾಮದ ಯಜಮಾನರೂ ಜಮೀನುದಾರರೂ ತಮ್ಮ ಕಾಲುಗಳನ್ನು ನೋಡಿಕೊಳ್ಳುವಂತೆಯೇ ತಮ್ಮ ಹೊಲಗಳಲ್ಲಿ ದುಡಿಯುವವರನ್ನೂ ವಿಚಾರಿಸತಕ್ಕದ್ದು. ಕೂಲಿ ತಪ್ಪೀತೆಂಬ ಹೆದರಿಕೆಯಿಂದ ಹುಣ್ಣನ್ನು ಮರೆಮಾಡಿ ಕೆಸರಿಗಿಳಿಯುವವನಿಗೆ ಕಣದಲ್ಲಿ ಕುಳಿತು ಮಾಡುವ ಕೆಲಸ ಕೊಟ್ಟು ಆಸ್ಪತ್ರೆಗೆ ಕಳುಹಿಸಿದರೆ, ಅವನ ಕಾಲು ಉಳಿಯುವ ಸಂಭವ ಹೆಚ್ಚು. ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೆ, ನೋವು ಕಡಮೆಯಿದ್ದರೂ ಒಳಗೆ ಮೂಳೆ ಮುರಿಯುತ್ತಿರಬಹುದು. ಅವನನ್ನು ನಡೆಸದೆ ಗಾಡಿಯಲ್ಲಿ ಕರೆದೊಯ್ಯಬೇಕು. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು. ಅಲ್ಲಿಂದ ಮುಂದಕ್ಕೆ ಕಳುಹಿಸಬೇಕಾದರೆ ಬೆಂಗಳೂರಿನಲ್ಲಿ ಮಧುಮೇಹಕ್ಕೆ ಚಿಕಿತ್ಸೆ ನೀಡುವ ಸರ್ಕಾರದ ಸಂಸ್ಥೆಯಲ್ಲಿ ಪಾದಗಳ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವುಂಟು. ಹೋಗುವಾಗ ನುಂಗುತ್ತಿರುವ ಮಾತ್ರೆಗಳನ್ನೂ, ದಿನವೂ ಮೆಟ್ಟುವ ಚಪ್ಪಲಿಯನ್ನೂ ಜೊತೆಯಲ್ಲಿ ಒಯ್ಯತಕ್ಕದ್ದು. ಅಟ್ಟೆಯು ಎಲ್ಲಿ ಸವೆದಿದೆಯೋ ಅಲ್ಲಿಯೇ ಮುಂದಿನ ಹುಣ್ಣು ಏಳುವುದುಂಟು.