ಮಂತ್ರಿಯ ಮುಂದಿನ ಕಾಲಾಳು

ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿಯೂ ಅದರ ಮಾದರಿಯ ಲಿನಕ್ಸ್‌ನಲ್ಲಿಯೂ ಬಳಕೆದಾರನೆಂದರೆ ಒಂದು ಕಡತದ ಒಂದು ಸಾಲು. ‘ಪಾಸ್‌ಡಬ್ಲ್ಯೂಡಿ’ ಎಂಬ ಆ ಕಡತದ ಸಾಲಿನಲ್ಲಿ ಹೆಸರು, ಗುಪ್ತಪದ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ಪರಿಚಯ, ಹೋಮ್ ಡೈರೆಕ್ಟರಿ, ಶೆಲ್ ಎಂಬ ಏಳು ಅಂಕಣಗಳು ಕೋಲನ್ ಚಿಹ್ನೆಯಿಂದ ಬೇರ್ಪಟ್ಟಿರುತ್ತವೆ. ಸಂಖ್ಯೆಯನ್ನು ಕಂಡು ಹೆಸರು ಹೇಳಬೇಕಾದ ಪ್ರತಿಯೊಂದು ತಂತ್ರಾಂಶಕ್ಕೂ ಈ ಕಡತ ಬೇಕಾಗುವುದರಿಂದ ಅದನ್ನು ಎಲ್ಲರೂ ಓದಬಹುದಾಗಿತ್ತು. ಗುಪ್ತಪದವನ್ನು ಮಾತ್ರ ಹಿಂದಿರುಗಿಸಲಾಗದ ರೂಪಕ್ಕೆ, ಅಂದರೆ ಹ್ಯಾಶ್‌ಗೆ, ಬದಲಿಸಿ ಬರೆದಿಡಲಾಗುತ್ತಿತ್ತು.

ಹಾಗೆ ಬಯಲಲ್ಲಿದ್ದ ಕಡತವೊಂದು ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್‌ನ ಮೂರನೆಯ ಆವೃತ್ತಿಯ ಮೂಲ ಸಂಕೇತಗಳ ನಡುವೆ ಉಳಿದುಬಂದಿತ್ತು. ಯುನಿಕ್ಸ್‌ನ ಮೊದಲ ತಲೆಮಾರಿನ ಡೆನ್ನಿಸ್ ರಿಚಿ, ಬ್ರಯಾನ್ ಕರ್ನಿಹಾನ್ ಮೊದಲಾದವರ ಹ್ಯಾಶ್‌ಗಳು ಅದರಲ್ಲಿದ್ದವು. ಊಹೆಯ ಪದಗಳನ್ನೂ ಹಾಗೆಯೇ ಬದಲಿಸಿ ಹೋಲಿಸಿದಾಗ ಬಹುತೇಕ ಗುಪ್ತಪದಗಳು ಸುಲಭವಾಗಿ ಬಿಚ್ಚಿಕೊಂಡವು. ಕರ್ನಿಹಾನರದು ಕೀಲಿಮಣೆಯ ಒಂದು ಮೂಲೆಯಲ್ಲಿ ಬೆರಳಾಡಿಸಿದ ವಿರಾಮಚಿಹ್ನೆಗಳ ಗುಂಪಷ್ಟೇ. ಯುನಿಕ್ಸ್‌ನ ಜನಕರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರದು ಮಾತ್ರ ಬಹುಕಾಲ ಜಗ್ಗಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯದ ಆಸಕ್ತರೊಬ್ಬರು ಸೆಕೆಂಡಿಗೆ ಸುಮಾರು 93 ಕೋಟಿ ಊಹೆಗಳನ್ನು ಪರೀಕ್ಷಿಸುವ ಗ್ರಾಫಿಕ್ಸ್ ಕಾರ್ಡನ್ನು ನಾಲ್ಕು ದಿನಕ್ಕೂ ಹೆಚ್ಚು ಕಾಲ ದುಡಿಸಿದ ಮೇಲೆ ಅದೂ ಹೊರಬಿತ್ತು: ಪಿ, ಓರೆಗೆರೆ, ಕ್ಯೂ, 2, ಅಡ್ಡಗೆರೆ, ಕ್ಯೂ, 4, ಕೊನೆಗೊಂದು ಉದ್ಗಾರ ಚಿಹ್ನೆ.

ಇದು ಚದುರಂಗದ ನಡೆ. ಇಂಗ್ಲಿಷಿನವರು ರಾಣಿಯೆನ್ನುವ, ಕನ್ನಡದ ಆಟಗಾರರು ಮಂತ್ರಿಯೆನ್ನುವ ಕಾಯಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುವುದನ್ನು ಹಳೆಯ ಬರವಣಿಗೆಯ ಕ್ರಮದಲ್ಲಿ ಹಾಗೆ ಸೂಚಿಸಬಹುದು. 1980ರಲ್ಲಿ ಕಂಪ್ಯೂಟರ್ ಚದುರಂಗದ ವಿಶ್ವ ಪ್ರಶಸ್ತಿ ಗೆದ್ದ ‘ಬೆಲ್’ ಯಂತ್ರವನ್ನು ಜೋ ಕಾಂಡನ್ ಅವರೊಡನೆ ಕಟ್ಟಿದವರು ಥಾಂಪ್ಸನ್ನರೇ ಆದ್ದರಿಂದ, ಅವರನ್ನು ಬಲ್ಲ ಯಾರಾದರೂ ಮೊದಲು ಚದುರಂಗದ ಕಡೆಗೇ ನೋಡಬೇಕಿತ್ತು ಎಂದು ಈಗ ಅನ್ನಿಸುವುದು ಸಹಜ. ಲೆಕ್ಕ ಹಾಕಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ದೊಡ್ಡಕ್ಷರಗಳನ್ನು ಬಿಟ್ಟರೆ ಕೀಲಿಮಣೆಯ 69 ಚಿಹ್ನೆಗಳಿಂದಾಗುವ ಎಂಟಕ್ಷರದ ಜೋಡಣೆಗಳನ್ನೆಲ್ಲ ಆ ವೇಗದಲ್ಲಿ ಆರೂವರೆ ದಿನದೊಳಗೆ ಮುಗಿಸಬಹುದು. ದೊಡ್ಡಕ್ಷರಗಳೂ ಸೇರಿ 95 ಆದರೆ ಸುಮಾರು 83 ದಿನ ಬೇಕು. ಚದುರಂಗದ ಪುಸ್ತಕಗಳಲ್ಲಿ ಬರೆಯುವಂತೆ ಮಂತ್ರಿಯ ಕ್ಯೂ ಅನ್ನು ದೊಡ್ಡದಾಗಿ ಬರೆದಿದ್ದರೆ ಕಾಲಾಳು ಇನ್ನಷ್ಟು ದಿನ ಅಡಗಿರುತ್ತಿತ್ತು. ಗುಪ್ತಪದ ಬಯಲಾದುದಕ್ಕೆ ಥಾಂಪ್ಸನ್ನರು ಒಂದೇ ಪದದಲ್ಲಿ ಅಭಿನಂದನೆ ಹೇಳಿ ಸುಮ್ಮನಾದರು.

ಸೋತದ್ದು ಅವರ ಆಯ್ಕೆಯಲ್ಲ, ಪದ್ಧತಿ. ಅಂದಿನ ಕ್ರಿಪ್ಟ್ ವಿಧಾನ ಮೊದಲ ಎಂಟು ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಡಿಇಎಸ್ ಗೂಢಲಿಪಿಯನ್ನು 25 ಸಲ ನಡೆಸಿ, 4,096 ಬಗೆಯ ‘ಸಾಲ್ಟ್’ಗಳಲ್ಲಿ, ಅಂದರೆ ಒಂದೇ ಗುಪ್ತಪದಕ್ಕೆ ಬೇರೆ ಬೇರೆ ರೂಪ ಬರಲೆಂದು ಬೆರೆಸುವ ಯಾದೃಚ್ಛಿಕ ಅಂಶಗಳಲ್ಲಿ, ಒಂದನ್ನು ಸೇರಿಸುತ್ತಿತ್ತು. ಉಳಿದವರ ಆಯ್ಕೆಗಳ ಮಾತು ಬೇರೆ: ರಾಬರ್ಟ್ ಮಾರಿಸ್ ಅವರೊಡನೆ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸಂಗ್ರಹಿಸಿದ 3,289 ಗುಪ್ತಪದಗಳಲ್ಲಿ ಶೇ. 86ರಷ್ಟು ತೀರ ಚಿಕ್ಕವು ಅಥವಾ ನಿಘಂಟಿನಲ್ಲೇ ಸಿಗುವಂಥವು.

ಮುಂದೆ ಹ್ಯಾಶ್‌ಗಳನ್ನು ‘ಶ್ಯಾಡೋ’ ಎಂಬ ಬೇರೆ ಕಡತಕ್ಕೆ ಸಾಗಿಸಿ, ಅದನ್ನು ಸಾಮಾನ್ಯ ಬಳಕೆದಾರರ ಕಣ್ಣಿಗೆ ಬೀಳದಂತೆ ಮಾಡಲಾಯಿತು. ಹಳೆಯ ಅಂಕಣದಲ್ಲಿ ಈಗ ಉಳಿದಿರುವುದು ಒಂದು ‘ಎಕ್ಸ್’. 2021ರ ಲಿನಕ್ಸ್ ಆವೃತ್ತಿ ಡೆಬಿಯನ್ 11 ‘ಯೆಸ್‌ಕ್ರಿಪ್ಟ್’ ಎಂಬ, ಬೇಕೆಂದೇ ನಿಧಾನವಾದ ಹ್ಯಾಶ್ ವಿಧಾನವನ್ನು ಅಳವಡಿಸಿಕೊಂಡಿತು. ಗುಪ್ತಪದದ ಆಯಸ್ಸನ್ನು ‘ಚೇಜ್’ ಆದೇಶದಿಂದ ನಿಗದಿಪಡಿಸಬಹುದಾದರೂ, ತೊಂಬತ್ತು ದಿನಕ್ಕೊಮ್ಮೆ ಬದಲಿಸಬೇಕೆಂಬ ಕಚೇರಿಗಳ ನೇಮ ಕೊನೆಯ ಅಂಕಿಯನ್ನು ಒಂದೊಂದೇ ಏರಿಸುವ ಚಾಳಿಯನ್ನಷ್ಟೇ ಬೆಳೆಸುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಇಂಥ ಕಡ್ಡಾಯ ಬೇಡವೆಂದಿದೆ.

ಚದುರಂಗದ ಟಿಪ್ಪಣಿಗಳಲ್ಲಿ ಒಳ್ಳೆಯ ನಡೆಗೆ ಹಾಕುವ ಉದ್ಗಾರ ಚಿಹ್ನೆ ಶ್ಯಾಡೋ ಕಡತದಲ್ಲಿ ಬೀಗದ ಗುರುತು: ಹ್ಯಾಶ್‌ನ ಮುಂದೆ ಅದು ಬಿದ್ದರೆ ಯಾವ ಗುಪ್ತಪದವೂ ಹೊಂದುವುದಿಲ್ಲ. ಆದರೆ ಗುಪ್ತಪದವಿಲ್ಲದೆ ದೂರದಿಂದ ಒಳಬರಲು ಬಿಡುವ ಎಸ್‌ಎಸ್‌ಎಚ್ ಕೀಲಿ ಇಟ್ಟುಕೊಂಡವರನ್ನು ಈ ಬೀಗ ಸಾಮಾನ್ಯವಾಗಿ ತಡೆಯುವುದಿಲ್ಲವಾದ್ದರಿಂದ, ಕೆಲಸ ಬಿಟ್ಟುಹೋದವರ ಖಾತೆ ಮುಚ್ಚುವವರು ಖಾತೆಯ ಅವಧಿಯನ್ನೂ ಮುಗಿಸಬೇಕು.