ಬ್ಯಾಟರಿಯ ಆಯುಸ್ಸು ನಿದ್ದೆಯಲ್ಲಿದೆ!

ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಬ್ಲೂಟೂತ್ ಮೌಸ್‌ಗಳು. ಅಕ್ಕನ ಕಂಪ್ಯೂಟರಿನಲ್ಲಿ ಒಂದೇ ಸೆಲ್ ತಿಂಗಳುಗಟ್ಟಲೆ ಬಾಳುತ್ತದೆ. ತಮ್ಮನದು ಬೇಗನೆ ಹೊಸ ಸೆಲ್ ಕೇಳುತ್ತದೆ. ಮನೆಯವರು ಬೈಯುವುದು ಸೆಲ್ಲನ್ನು, ಇಲ್ಲವೇ ತಮ್ಮನನ್ನು! ತಪ್ಪು ಎರಡರದ್ದೂ ಇರಲಿಕ್ಕಿಲ್ಲ.

ಬ್ಲೂಟೂತ್ ಎಂಬುದು ಸಮೀಪದ ಉಪಕರಣಗಳನ್ನು ತಂತಿಯಿಲ್ಲದೆ ಬೆಸೆಯುವ ರೇಡಿಯೊ ಸಂಪರ್ಕ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ಇದರ ಕೆಲಸ ಆರಂಭವಾಯಿತು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್‌ನ ಅಡ್ಡಹೆಸರೇ ಇದರ ಹೆಸರಾಯಿತು.

ರೇಡಿಯೊ ಎಚ್ಚರವಾಗಿದ್ದಾಗ ವಿದ್ಯುತ್ ಖರ್ಚು ಹೆಚ್ಚು, ನಿದ್ರಿಸುವಾಗ ಅತ್ಯಲ್ಪ. 2010ರಲ್ಲಿ ಬಂದ ನಾಲ್ಕನೆಯ ಆವೃತ್ತಿಯ 'ಲೋ ಎನರ್ಜಿ' ವಿಧಾನದ ಗುಟ್ಟು ಇದೇ: ಎದ್ದು, ಹೇಳಬೇಕಾದ್ದನ್ನು ಹೇಳಿ, ಮತ್ತೆ ಮಲಗುವುದು. ಆ ಆವೃತ್ತಿಯಲ್ಲಿ ಎರಡು ಭೇಟಿಗಳ ನಡುವಿನ ಅಂತರ 7.5 ಮಿಲಿಸೆಕೆಂಡಿನಿಂದ 4 ಸೆಕೆಂಡಿನವರೆಗೆ ಇರಬಹುದಿತ್ತು.

ಲೆಕ್ಕ ಹಾಕಿ ನೋಡಿ. ಸಿ.ಆರ್. 2032 ಎಂಬ ಬಟನ್ ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್-ಗಂಟೆ. ಉಪಕರಣ ಸರಾಸರಿ 1 ಮಿಲಿಆಂಪಿಯರ್ ಎಳೆದರೆ ಸೆಲ್ 220 ಗಂಟೆಗೆ, ಅಂದರೆ ಒಂಬತ್ತು ದಿನಕ್ಕೆ ಮುಗಿಯಿತು. ಅದರ ನೂರನೇ ಒಂದು ಪಾಲು ಎಳೆದರೆ? ಲೆಕ್ಕದ ಪ್ರಕಾರ ಎರಡೂವರೆ ವರ್ಷ!

ಈ ಅಂತರವನ್ನು ನಿಗದಿ ಮಾಡುವವರು ಯಾರು? ಮೌಸ್ ಕೋರಿಕೆ ಸಲ್ಲಿಸಬಹುದು, ಅಷ್ಟೆ. ಕೊನೆಯ ಮಾತು ಕಂಪ್ಯೂಟರ್ ಅಥವಾ ಫೋನಿನದು. ಅಲ್ಲಿ ರೇಡಿಯೊ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೆ 'ಡ್ರೈವರ್' ಎಂದೇ ಹೆಸರು. ಒಂದೇ ಬಸ್ಸು ಒಬ್ಬ ಡ್ರೈವರ್ ಕೈಯಲ್ಲಿ ಡೀಸೆಲ್ ಉಳಿಸುತ್ತದೆ, ಇನ್ನೊಬ್ಬನ ಕೈಯಲ್ಲಿ ಕುಡಿಯುತ್ತದೆ. ಇಲ್ಲೂ ಹಾಗೆಯೇ. ಹೇಳಲು ಏನೂ ಇಲ್ಲದಿದ್ದಾಗ ಕೆಲವು ಭೇಟಿಗಳನ್ನು ತಪ್ಪಿಸಲು ಅನುಮತಿ ಸಿಕ್ಕರೆ ಮೌಸ್ ಮಲಗುತ್ತದೆ. ಸಿಗದಿದ್ದರೆ ಪ್ರತಿಸಲವೂ ಎದ್ದು ಹಾಜರಿ ಹಾಕಲೇಬೇಕು.

ಇಯರ್‌ಫೋನಿನ ಕಥೆ ಬೇರೆ. ಹಾಡು ನಿರಂತರವಾಗಿ ಹರಿಯುವುದರಿಂದ ಅದಕ್ಕೆ ದೀರ್ಘ ನಿದ್ದೆಯ ಭಾಗ್ಯವಿಲ್ಲ. ದನಿ ಏರಿಸಿದಷ್ಟೂ, ಹೊರಗಿನ ಸದ್ದು ಅಡಗಿಸುವ ಸೌಲಭ್ಯ ಬಳಸಿದಷ್ಟೂ ಖರ್ಚು ಜಾಸ್ತಿ. ಗೋಡೆ ಅಡ್ಡವಿದ್ದರೆ, ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವೈಫೈ ಗದ್ದಲವಿದ್ದರೆ, ಕಳೆದುಹೋದ ಮಾಹಿತಿಯನ್ನು ಮತ್ತೆ ಮತ್ತೆ ಕಳಿಸಬೇಕಾಗುತ್ತದೆ.

ಆದ್ದರಿಂದ 'ಹಾಳಾಯಿತು' ಎಂದು ಎಸೆದು ಹೊಸದಕ್ಕೆ ಹಣ ಸುರಿಯುವ ಮುನ್ನ ಉಪಕರಣವನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನೋಡುವುದು ಜಾಣತನ. ಅಲ್ಲಿ ಸೆಲ್ ಬಾಳಿದರೆ ಮೊದಲ ಕಂಪ್ಯೂಟರಿನ ಡ್ರೈವರನ್ನು ನವೀಕರಿಸಬೇಕು. ಪಾಲಕರಿಗೆ ಒಂದು ಎಚ್ಚರಿಕೆ: ತೆಗೆದ ಬಟನ್ ಸೆಲ್ ಪುಟ್ಟ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಅನ್ನನಾಳವನ್ನೇ ಸುಟ್ಟೀತು. ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.